ಗುದ್ದಲಿಪೂಜೆಯಿಂದ ಡಾಂಬರಿನವರೆಗೆ

ರಸ್ತೆ ಕಾಮಗಾರಿಗಳ ವಿಳಂಬ ಮತ್ತು ಗುಣಮಟ್ಟ ಕುರಿತು ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿ ಕಾರ್ಯಪಾಲಕ ಎಂಜಿನಿಯರ್ ಆಗಿ ನಿವೃತ್ತರಾದ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ಹಾಸನದಿಂದ ಮಾರನಹಳ್ಳಿವರೆಗಿನ ರಾಷ್ಟ್ರೀಯ ಹೆದ್ದಾರಿ 75ರ ಚತುಷ್ಪಥ ಕಾಮಗಾರಿ ಆರಂಭವಾದಾಗ ನನ್ನ ಮಗ ಪ್ರಾಥಮಿಕ ಶಾಲೆಯಲ್ಲಿದ್ದ. ಅವನು ಕಾಲೇಜು ಸೇರಿದ ಮೇಲೂ ಅಲ್ಲಲ್ಲಿ ಜೆಸಿಬಿ ಸದ್ದು ನಿಂತಿರಲಿಲ್ಲ. ಪ್ರತಿ ವರ್ಷ ಒಬ್ಬರು ಬಂದು ಹೊಸ ಗಡುವು ಹೇಳಿ ಹೋಗುತ್ತಾರೆ. ತಪ್ಪು ಗುತ್ತಿಗೆದಾರರದೋ, ಅಧಿಕಾರಿಗಳದೋ?
— ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಒಬ್ಬರ ಹೆಸರು ಹೇಳಿ ಕೈತೊಳೆದುಕೊಳ್ಳುವುದು ನನಗೆ ಸುಲಭ, ಆದರೆ ಅದರಿಂದ ನಿಮಗೆ ಉತ್ತರ ಸಿಕ್ಕಂತಾಗುವುದಿಲ್ಲ. ನನ್ನ ಸೇವಾವಧಿಯಲ್ಲಿ ಕಂಡ ವಿಳಂಬಗಳಲ್ಲಿ ಬಹುಪಾಲು, ಮೊದಲ ಯಂತ್ರ ಸ್ಥಳಕ್ಕೆ ಬರುವ ಮುಂಚೆಯೇ ಕಡತದೊಳಗೆ ಸೇರಿಕೊಂಡಿದ್ದವು. ಅಣೆಕಟ್ಟಾಗಲಿ ಕಟ್ಟಡವಾಗಲಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ರಸ್ತೆಯಾದರೋ ಹತ್ತಾರು ಗ್ರಾಮಗಳ ನೂರಾರು ಸರ್ವೆ ನಂಬರುಗಳ ನಡುವೆ ನೂಲಿನಂತೆ ಹಾದುಹೋಗುತ್ತದೆ, ಆ ನೂಲು ಒಂದೇ ಕಡೆ ಕಡಿದರೂ ಉಳಿದ ಉದ್ದಕ್ಕೆ ಬೆಲೆಯಿಲ್ಲ.

ಮೊದಲನೆಯದಾಗಿ ಭೂಮಿ. ರಾಷ್ಟ್ರೀಯ ಹೆದ್ದಾರಿಗಳಿಗೆ ಜಮೀನನ್ನು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಪಡೆಯಲಾಗುತ್ತದೆ. ಅದರ 3ಎ ಕಲಮಿನ ಅಧಿಸೂಚನೆಯಲ್ಲಿ ಸರ್ಕಾರ ತನ್ನ ಉದ್ದೇಶ ತಿಳಿಸುತ್ತದೆ, 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು, ಅನಂತರ 3ಡಿ ಘೋಷಣೆಯೊಂದಿಗೆ ಜಮೀನು ಸರ್ಕಾರಕ್ಕೆ ಸೇರುತ್ತದೆ, 3ಜಿ ಅಡಿಯಲ್ಲಿ ಪರಿಹಾರ ನಿಗದಿಯಾಗುತ್ತದೆ. 3ಎ ಹೊರಬಿದ್ದ ಒಂದು ವರ್ಷದೊಳಗೆ 3ಡಿ ಹೊರಬೀಳದಿದ್ದರೆ ಅಧಿಸೂಚನೆಯೇ ಬಿದ್ದುಹೋಗಿ, ಅಷ್ಟು ಜಮೀನಿಗೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಒಂದು ಸರ್ವೆ ನಂಬರಿನ ಹಿಸ್ಸಾ ತಪ್ಪಾಗಿ ಅಚ್ಚಾದುದಕ್ಕೆ ಒಂದು ಸೇತುವೆಯ ಕೂಡುರಸ್ತೆ ವರ್ಷಗಟ್ಟಲೆ ಕಾದುದನ್ನು ನಾನು ನೋಡಿದ್ದೇನೆ.

ಕಾನೂನಿಗಿಂತ ಹೆಚ್ಚು ಕಾಡುವುದು ನಮ್ಮ ಪಹಣಿಗಳು. ಮಲೆನಾಡಿನ ಒಂದು ಹಳ್ಳಿಯಲ್ಲಿ ಜಂಟಿ ಅಳತೆಗೆ ಹೋಗಿದ್ದೆವು. ಸರ್ವೆಯರ್ ಅಡಿಕೆ ತೋಟದೊಳಗೆ ಕಲ್ಲು ನೆಡಿಸಿದ, ತೋಟಗಾರಿಕೆ ಇಲಾಖೆಯವರು ಫಲ ಬರುವ ಮರ, ಸಸಿ ಮರ ಎಂದು ಬೇರೆ ಬೇರೆ ಎಣಿಸಿ ಸುಣ್ಣದ ಪಟ್ಟಿ ಬಳಿದರು. ಮೂರು ಗಂಟೆಯಲ್ಲಿ ಎಲ್ಲವೂ ಮುಗಿಯಿತು, ತೋಟದ ಯಜಮಾನರು ಮಜ್ಜಿಗೆಯನ್ನೂ ಕೊಟ್ಟರು. ಆಮೇಲೆ ಪಹಣಿ ತೆಗೆದು ನೋಡಿದರೆ ಖಾತೆ ಎಂದೋ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇತ್ತು. ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರಲಿಲ್ಲ; ಪೋಡಿ, ಅಂದರೆ ಪಾಲುಗಳನ್ನು ಅಳೆದು ಬೇರ್ಪಡಿಸುವ ಕೆಲಸ, ಆಗಿರಲಿಲ್ಲ. ವಾರಸುದಾರರು ಹನ್ನೊಂದು ಮಂದಿ, ಅವರಲ್ಲಿ ಒಬ್ಬರು ಮುಂಬೈಯಲ್ಲಿ, ಇಬ್ಬರು ಹೆಣ್ಣುಮಕ್ಕಳಿಗೆ ಪಾಲಿನ ವಿಷಯವೇ ತಿಳಿಸಿರಲಿಲ್ಲ. ಪರಿಹಾರದ ಹಣ ನ್ಯಾಯಾಲಯದಲ್ಲಿ ಠೇವಣಿಯಾಯಿತು. ಕಾನೂನಿನ ದೃಷ್ಟಿಯಲ್ಲಿ ಜಮೀನು ನಮ್ಮದಾಗಿತ್ತು, ಆದರೆ ಕೈಗೆ ಕಾಸು ಬಾರದ ಮನುಷ್ಯ ತನ್ನ ತೋಟಕ್ಕೆ ಯಂತ್ರ ಬಿಡಲು ಒಪ್ಪಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ.

ಪರಿಹಾರದ ಮೊತ್ತದ ಬಗ್ಗೆಯೂ ಒಂದು ಮಾತು ಹೇಳಬೇಕು. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಸೂತ್ರ 2015ರ ಜನವರಿ 1ರಿಂದ ಹೆದ್ದಾರಿಗಳಿಗೂ ಅನ್ವಯವಾಗಿದೆ. ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಎರಡರವರೆಗಿನ ಗುಣಕದಿಂದ ಗುಣಿಸಿ, ಮರ ಮತ್ತು ಕಟ್ಟಡಗಳ ಮೌಲ್ಯ ಸೇರಿಸಿ, ಒಟ್ಟು ಮೊತ್ತದಷ್ಟೇ ಸೊಲೇಷಿಯಂ, ಅಂದರೆ ಜಮೀನು ಕಳೆದುಕೊಂಡುದಕ್ಕೆ ಸಾಂತ್ವನದ ಹೆಚ್ಚುವರಿ ಹಣ, ಕೊಡಬೇಕು. ಕಾಗದದ ಮೇಲೆ ಇದು ಉದಾರವಾದ ಸೂತ್ರವೇ ಸರಿ. ಆದರೆ ಮಾರುಕಟ್ಟೆ ಬೆಲೆ ಎಂದರೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ, ಇಲ್ಲವೇ ಆಸುಪಾಸಿನ ಕ್ರಯಪತ್ರಗಳಲ್ಲಿ ನಮೂದಾದ ದರ. ಮುದ್ರಾಂಕ ಶುಲ್ಕ ಉಳಿಸಲೆಂದು ದಶಕಗಳ ಕಾಲ ಕಡಿಮೆ ಬೆಲೆ ಬರೆಸಿಕೊಂಡು ಬಂದಿರುವ ಊರಿನಲ್ಲಿ, ಆ ಕ್ರಯಪತ್ರಗಳೇ ಊರಿನವರ ವಿರುದ್ಧ ಸಾಕ್ಷಿ ನುಡಿಯುತ್ತವೆ. ಅಲ್ಲಿಂದ ಮುಂದೆ ಪ್ರಕರಣ ಮಧ್ಯಸ್ಥಿಕೆಗೆ, ಅದು ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ.

ಇಷ್ಟೆಲ್ಲ ಮುಗಿಯುವವರೆಗೆ ಕಾಯಬೇಕೆಂದರೆ ಯಾವ ಸರ್ಕಾರವೂ ಗುದ್ದಲಿಪೂಜೆ ಮಾಡಲಾಗದು. ಆದ್ದರಿಂದ ಹೈಬ್ರಿಡ್ ಆನ್ಯುಟಿ ಮಾದರಿಯ (ವೆಚ್ಚದ ಒಂದು ಭಾಗವನ್ನು ಸರ್ಕಾರ ಕೆಲಸ ನಡೆಯುವಾಗ, ಉಳಿದುದನ್ನು ಆಮೇಲೆ ಕಂತುಗಳಲ್ಲಿ ಕೊಡುವ) ಗುತ್ತಿಗೆಗಳಲ್ಲಿ ಶೇ 80ರಷ್ಟು, ಇಪಿಸಿ (ವಿನ್ಯಾಸದಿಂದ ನಿರ್ಮಾಣದವರೆಗೆ ಎಲ್ಲವನ್ನೂ ಗುತ್ತಿಗೆದಾರನೇ ಸರ್ಕಾರದ ಹಣದಲ್ಲಿ ಮಾಡುವ) ಗುತ್ತಿಗೆಗಳಲ್ಲಿ ಶೇ 90ರಷ್ಟು ಜಮೀನು ಕೈಗೆ ಬಂದರೆ ಕೆಲಸ ಆರಂಭಿಸಬಹುದೆಂಬ ಷರತ್ತು ಇಟ್ಟುಕೊಳ್ಳಲಾಗಿದೆ. ಕೇಳಲು ಇದು ಸಮಂಜಸವೆನಿಸುತ್ತದೆ. ಆದರೆ 40 ಕಿಲೋಮೀಟರಿನ ಶೇ 20 ಎಂದರೆ 8 ಕಿಲೋಮೀಟರ್, ಅದೂ ಒಂದೇ ಕಡೆ ಇರುವುದಿಲ್ಲ. ಇಲ್ಲಿ ಒಂದು ದೇವಸ್ಥಾನ, ಅಲ್ಲಿ ಒಂದು ಕಲ್ಯಾಣಮಂಟಪ, ಮುಂದೆ ತಡೆಯಾಜ್ಞೆ ಇರುವ ತೋಟ, ಹೀಗೆ 200 ಮೀಟರಿನಂತೆ 40 ತುಂಡುಗಳಾಗಿ ಹರಡಿರುತ್ತದೆ. ಪ್ರತಿ ತುಂಡಿನ ಎರಡೂ ತುದಿಯಲ್ಲಿ ವಾಹನಗಳನ್ನು ಹಳೆಯ ರಸ್ತೆಗೆ ಇಳಿಸಿ ಮತ್ತೆ ಹತ್ತಿಸಬೇಕು, ಡಾಂಬರು ಹರಡುವ ಪೇವರ್ ಯಂತ್ರವನ್ನು ಟ್ರೇಲರ್ ಮೇಲೆ ಹೇರಿ ಮುಂದಿನ ತುಂಡಿಗೆ ಒಯ್ಯಬೇಕು. ನೀವು ಕಂಡ ‘ಅಲ್ಲಲ್ಲಿ’ ಎಂಬುದು ಇದೇ.

ಎರಡನೆಯದು ಅರಣ್ಯ ಮತ್ತು ಮಳೆ. ಇವೆರಡನ್ನೂ ನಾನು ಬೇರೆ ಬೇರೆಯಾಗಿ ಹೇಳುವುದಿಲ್ಲ, ಏಕೆಂದರೆ ಪಶ್ಚಿಮ ಘಟ್ಟದಲ್ಲಿ ಅವು ಕೈಕೈ ಹಿಡಿದೇ ಬರುತ್ತವೆ. ಅರಣ್ಯ ಭೂಮಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಎರಡು ಹಂತದ ಅನುಮತಿ ಬೇಕು. ಮೊದಲ ಹಂತದ ಷರತ್ತುಗಳಾದ ಪರಿಹಾರಾತ್ಮಕ ಅರಣ್ಯೀಕರಣದ ಹಣ, ಅರಣ್ಯದ ನಿವ್ವಳ ವರ್ತಮಾನ ಮೌಲ್ಯದ (ಕಳೆದುಹೋಗುವ ಕಾಡಿಗೆ ಕಟ್ಟುವ ಬೆಲೆ) ಪಾವತಿ ಇತ್ಯಾದಿಗಳನ್ನು ಪೂರೈಸಿದ ಮೇಲೆ ಎರಡನೆಯದು. ಈ ಅನುಮತಿ ಬೇಡವೆಂದು ಹೇಳುವವರ ಸಾಲಿನಲ್ಲಿ ನಾನಿಲ್ಲ. ಆನೆಗಳು ಓಡಾಡುವ ಕಾಡನ್ನು ಕಡಿಯುವ ಮುನ್ನ ಯಾರಾದರೂ ಎರಡು ಸಲ ಓದಲೇಬೇಕು. ತೊಂದರೆ ಇರುವುದು ಕಾಗದ ಕೈಸೇರುವ ತಿಂಗಳಿನಲ್ಲಿ. ಮಣ್ಣಿನ ಕೆಲಸಕ್ಕೆ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಕಾಶವಿಲ್ಲ, ಕೆಲವು ವರ್ಷ ಅಕ್ಟೋಬರವೂ ಕೈಕೊಡುತ್ತದೆ. ರಸ್ತೆಯನ್ನು ಎತ್ತರಿಸುವ ಏರಿಯ ಮಣ್ಣನ್ನು ಸುಮಾರು 200 ಮಿಲಿಮೀಟರ್ ದಪ್ಪದ ಪದರವಾಗಿ ಹರಡಿ, ಹದವಾದ ತೇವದಲ್ಲಿ ರೋಲರ್ ಓಡಿಸಿ, ನಿಗದಿತ ಸಾಂದ್ರತೆ ಬಂದ ಮೇಲೆ ಮುಂದಿನ ಪದರಕ್ಕೆ ಹೋಗಬೇಕು. ಮಳೆಯಲ್ಲಿ ತೊಯ್ದ ಮಣ್ಣಿನ ಮೇಲೆ ರೋಲರ್ ಓಡಿಸಿದರೆ ಅದು ಹಿಟ್ಟಿನಂತೆ ಚಕ್ರದ ಮುಂದೆ ಉಬ್ಬುತ್ತದೆ. ಅಂದಮೇಲೆ ಏಪ್ರಿಲ್‌ನಲ್ಲಿ ಬರಬೇಕಾಗಿದ್ದ ಅನುಮತಿ ಮೇ ಕೊನೆಗೆ ಬಂದರೆ ಕಡತದಲ್ಲಿ ಕಾಣುವುದು ಒಂದು ತಿಂಗಳ ವಿಳಂಬ, ಕೆಲಸಕ್ಕೆ ತಟ್ಟುವುದು ಐದಾರು ತಿಂಗಳ ವಿಳಂಬ. ಈ ಲೆಕ್ಕವನ್ನು ಯಾವ ಗಡುವಿನ ಭಾಷಣದಲ್ಲಿಯೂ ನಾನು ಕೇಳಿಲ್ಲ.

ಗುತ್ತಿಗೆದಾರರ ಪಾತ್ರ ಇಲ್ಲವೆಂದಲ್ಲ. ಬಂಡವಾಳ ಕರಗಿದ ಗುತ್ತಿಗೆದಾರ ಮೊದಲು ಡೀಸೆಲ್ ಬಾಕಿ ಉಳಿಸಿಕೊಳ್ಳುತ್ತಾನೆ, ನಂತರ ಉಪಗುತ್ತಿಗೆದಾರರು ಯಂತ್ರ ಹಿಂತೆಗೆಯುತ್ತಾರೆ, ಕೊನೆಗೆ ಕ್ಯಾಂಪಿನಲ್ಲಿ ಕಾವಲುಗಾರ ಮಾತ್ರ ಉಳಿಯುತ್ತಾನೆ. ಅದೇ ಹೊತ್ತಿಗೆ ‘ನೀವು ಜಾಗವನ್ನೇ ಕೊಡಲಿಲ್ಲ’ ಎಂಬ ಪತ್ರವೊಂದು ಅವನ ಕಡತದಲ್ಲಿ ಸಿದ್ಧವಾಗಿರುತ್ತದೆ. ಆ ಪತ್ರ ನಿಜವೂ ಆಗಿರುವುದರಿಂದ ದಂಡ ವಿಧಿಸಲು ಇಲಾಖೆಯ ಕೈ ಕಟ್ಟಿಹೋಗುತ್ತದೆ. ನೀವು ಕೇಳಿದ ‘ತಪ್ಪು ಯಾರದು’ ಎಂಬ ಪ್ರಶ್ನೆ ಮಧ್ಯಸ್ಥಿಕೆಯ ಕಟಕಟೆಯಲ್ಲಿ ಹೊರಳಾಡುವುದು ಹೀಗೆ.

ಪ್ರಶ್ನೆ: ನಮ್ಮ ಬಡಾವಣೆಯ ರಸ್ತೆಗೆ ಡಾಂಬರು ಹಾಕಿ ಹದಿನೈದು ದಿನವೂ ಆಗಿರಲಿಲ್ಲ, ಪೈಪು ಹಾಕಲು ಅಗೆದರು. ಇದನ್ನು ತಪ್ಪಿಸಲು ಸಾಧ್ಯವೇ ಇಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ಸಾಧ್ಯವಿದೆ, ಆದರೆ ನೆಲದಡಿಯ ನಕ್ಷೆ ಯಾರ ಬಳಿಯೂ ಪೂರ್ಣವಾಗಿಲ್ಲ. ಜಲಮಂಡಳಿಯ ಕೊಳವೆ, ಬೆಸ್ಕಾಂ ಕೇಬಲ್, ಅಡುಗೆ ಅನಿಲದ ಪೈಪು, ದೂರಸಂಪರ್ಕದ ಆಪ್ಟಿಕಲ್ ಫೈಬರ್ ಎಲ್ಲವೂ ಒಂದೇ ರಸ್ತೆಯ ಹೊಟ್ಟೆಯಲ್ಲಿವೆ. ಅವನ್ನು ಹಾಕಿದವರು ಬೇರೆ ಬೇರೆ, ಅವರ ಬಜೆಟ್ ಮಂಜೂರಾಗುವ ತಿಂಗಳೂ ಬೇರೆ ಬೇರೆ. ಕೆಲಸಕ್ಕೆ ಮುನ್ನ ಅಡ್ಡಲಾಗಿ ಪರೀಕ್ಷಾ ಗುಂಡಿ ತೋಡಿ ನೋಡಬೇಕೆಂಬ ನಿಯಮವಿದೆ. ಒಮ್ಮೆ ಅಂಥ ಗುಂಡಿಯಲ್ಲಿ ನಕ್ಷೆಯ ಪ್ರಕಾರ ಒಂದೂವರೆ ಮೀಟರ್ ಆಳದಲ್ಲಿ ಇರಬೇಕಾಗಿದ್ದ ಕೇಬಲ್ ಗೇಣಿನಷ್ಟು ಕೆಳಗೇ ಸಿಕ್ಕಿತು, ಗುದ್ದಲಿ ಹಿಡಿದಿದ್ದ ಕೂಲಿಯಾಳು ಬದುಕಿದ್ದು ಅಂದು ವಿದ್ಯುತ್ ಇಲ್ಲದ್ದರಿಂದ. ಮೇಲ್ಸೇತುವೆಗಳಲ್ಲಿ ಈ ಸ್ಥಳಾಂತರವೇ ಅಡಿಪಾಯಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ. 2017ರಲ್ಲಿ ಆರಂಭವಾದ ಈಜಿಪುರ ಮೇಲ್ಸೇತುವೆ ವರ್ಷಗಟ್ಟಲೆ ಕಂಬಗಳಾಗಿ ನಿಂತು, 2022ರಲ್ಲಿ ಗುತ್ತಿಗೆಯೇ ರದ್ದಾಯಿತು. ಆ ಪ್ರಕರಣದಲ್ಲಿ ಜಮೀನು, ಹಣ, ಗುತ್ತಿಗೆದಾರ ಎಲ್ಲವೂ ಸೇರಿಕೊಂಡಿದ್ದವು. ಪಾದಚಾರಿ ಮಾರ್ಗದ ಕೆಳಗೆ ಕೊಳವೆಗಳಿಗೆಂದೇ ಪ್ರತ್ಯೇಕ ಜಾಗ ಕಲ್ಪಿಸಿದ ಟೆಂಡರ್ ಶ್ಯೂರ್ ರಸ್ತೆಗಳನ್ನು ದುಬಾರಿ ಎಂದು ಹೀಗಳೆದವರು ಬಹಳ. ಡಾಂಬರನ್ನು ಎರಡು ಸಲ ಹಾಕುವ ವೆಚ್ಚವನ್ನು ಅವರು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಪ್ರಶ್ನೆ: ಎರೆಭೂಮಿಯಲ್ಲಿ ಹೊಸ ರಸ್ತೆ ಎರಡೇ ವರ್ಷದಲ್ಲಿ ಉದ್ದಕ್ಕೆ ಸೀಳುತ್ತದೆ. ಎಲ್ಲರೂ ‘ಡಾಂಬರು ತಿಂದರು’ ಎನ್ನುತ್ತಾರೆ. ಅಷ್ಟೇ ಕಾರಣವೇ?
— ಓದುಗರು, ಗದಗ ಜಿಲ್ಲೆ

ಉತ್ತರ: ತಿನ್ನುವವರಿಲ್ಲ ಎಂದು ನಾನು ಪ್ರಮಾಣಪತ್ರ ಕೊಡಲಾರೆ. ಆದರೂ ರಸ್ತೆಯ ಅಂಚಿಗೆ ಸಮಾನಾಂತರವಾಗಿ ಉದ್ದಕ್ಕೆ ಸೀಳಿದ್ದರೆ ಮೊದಲು ಡಾಂಬರನ್ನಲ್ಲ, ಅದರಡಿಯ ಮಣ್ಣನ್ನು ಸಂಶಯಿಸಬೇಕು. ಬೇಸಿಗೆಯಲ್ಲಿ ನಿಮ್ಮ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರಿಯುವ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಡಾಂಬರಿನ ಅಡಿಯಲ್ಲಿರುವ ಮಣ್ಣು ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತದೆ, ಅಂಚಿನ ಮಣ್ಣು ಮಾತ್ರ ಪ್ರತಿ ವರ್ಷ ಉಬ್ಬಿ ಕುಗ್ಗುತ್ತದೆ. ಸೀಳು ಬೀಳುವುದು ಈ ಎರಡರ ಗಡಿಯಲ್ಲಿ. ಉಬ್ಬುವ ಸೂಚ್ಯಂಕ ಶೇ 50ನ್ನು ಮೀರಿದ ಮಣ್ಣನ್ನು ಹಾಗೆಯೇ ಬಳಸಬಾರದೆಂದು ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಗಳು ಹೇಳುತ್ತವೆ. ಅದನ್ನು ತೆಗೆದು ಗರಸು ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಿ ಹದಗೊಳಿಸಬೇಕು. ಗರಸು ಹತ್ತಿರದಲ್ಲಿ ಸಿಗದ ತಾಲ್ಲೂಕುಗಳಲ್ಲಿ ಸಾಗಣೆ ವೆಚ್ಚ ಅಂದಾಜನ್ನು ಮೀರುತ್ತದೆ, ಕಳ್ಳತನ ನಡೆಯುವುದಾದರೆ ಸಾಮಾನ್ಯವಾಗಿ ಇಲ್ಲಿಯೇ, ಏಕೆಂದರೆ ಮುಚ್ಚಿಹೋದ ಮೇಲೆ ಯಾರಿಗೂ ಕಾಣುವುದಿಲ್ಲ.

ಇದರ ಜೊತೆಗೆ ಭಾರ. ರಸ್ತೆಗೆ ಆಗುವ ಹಾನಿ ವಾಹನದ ಅಚ್ಚಿನ (ಆಕ್ಸಲ್) ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಲ್ಲಿ ಏರುತ್ತದೆ, ಅಂದರೆ ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರದ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಇಷ್ಟಕ್ಕೇ ಹಾನಿ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತೆಂದು ನೀವೇ ಗುಣಿಸಿ ನೋಡಬಹುದು. ಹಳೆಯ ಮಿತಿಗೆ ವಿನ್ಯಾಸವಾದ ರಸ್ತೆಗಳು ಹಾಗೆಯೇ ಉಳಿದವು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ವಿಷಯ ನಾನು ಹೇಳಬೇಕಾಗಿಲ್ಲ.

ಡಾಂಬರಿನ ಪರೀಕ್ಷೆಗೆ ಕಣ್ಣಿಗಿಂತ ಉಷ್ಣಮಾಪಕ ಮೇಲು. ಪ್ಲಾಂಟಿನಿಂದ ಸುಮಾರು 150 ಡಿಗ್ರಿಯಲ್ಲಿ ಹೊರಟ ಮಿಶ್ರಣ ಟಿಪ್ಪರಿನಲ್ಲಿ ತಾಡಪಾಲು ಹೊದಿಸದೆ ದೂರ ಬಂದರೆ ತಣಿದುಬಿಡುತ್ತದೆ, 90 ಡಿಗ್ರಿಗಿಂತ ಕೆಳಗಿಳಿದ ಮೇಲೆ ಎಷ್ಟು ರೋಲರ್ ಓಡಿಸಿದರೂ ಅದು ಬಿಗಿಯಾಗುವುದಿಲ್ಲ.

ಪ್ರಶ್ನೆ: ಶಿರೂರಿನ ದುರಂತದ ಬಳಿಕ ಹೆದ್ದಾರಿಯ ಪಕ್ಕದ ಗುಡ್ಡ ಕಂಡರೆ ಭಯ. ಗುಡ್ಡವನ್ನು ಅಷ್ಟು ನೇರವಾಗಿ ಏಕೆ ಕತ್ತರಿಸುತ್ತಾರೆ?
— ಓದುಗರು, ಕುಮಟಾ

ಉತ್ತರ: ಜಮೀನು ಸಾಲದ್ದರಿಂದ. ಗುಡ್ಡವನ್ನು ಇಳಿಜಾರಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಲು ಮೇಲ್ಭಾಗದಲ್ಲಿ ಇನ್ನೂ ಹತ್ತಾರು ಮೀಟರ್ ಅಗಲ ಬೇಕು, ಅದು ಅರಣ್ಯವೋ ಖಾಸಗಿ ತೋಟವೋ ಆಗಿರುತ್ತದೆ. ಮೊದಲ ಪ್ರಶ್ನೆಗೆ ಹೇಳಿದ ಭೂಸ್ವಾಧೀನ ಇಲ್ಲಿ ಸುರಕ್ಷತೆಯ ಪ್ರಶ್ನೆಯಾಗಿ ಮರಳಿ ಬರುತ್ತದೆ. ಕರಾವಳಿಯಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಕೆಳಗೆ ನುಣುಪಾದ ಶೇಡಿ ಮಣ್ಣು. ಒಣಗಿದಾಗ ಶೇಡಿ ಮಣ್ಣಿನ ಗೋಡೆ ಚಾಕುವಿನಿಂದ ಕೊಯ್ದಂತೆ ನೆಟ್ಟಗೆ ನಿಲ್ಲುತ್ತದೆ, ಗುತ್ತಿಗೆದಾರನಿಗೂ ಪರಿಶೀಲಿಸುವ ಎಂಜಿನಿಯರಿಗೂ ಅದು ಮೋಸಮಾಡುವುದು ಅಲ್ಲಿಯೇ. ನೀರು ತುಂಬಿಕೊಂಡಾಗ ಅದರ ಬಲ ಕುಸಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. ಅದೇ ತಿಂಗಳು ಸಕಲೇಶಪುರದ ದೊಡ್ಡತಪ್ಪಲೆಯಲ್ಲಿಯೂ ಕುಸಿತದಿಂದ ಸಂಚಾರ ನಿಂತಿತು. ಗುಡ್ಡದ ನೆತ್ತಿಯಲ್ಲಿ ನೀರು ತಿರುಗಿಸುವ ಕಾಲುವೆ, ಗೋಡೆಯಲ್ಲಿ ನೀರು ಬಸಿಯುವ ರಂಧ್ರ, ತಂತಿ ಬುಟ್ಟಿಯಲ್ಲಿ ಕಲ್ಲು ತುಂಬಿದ ಆಸರೆ, ಇವೆಲ್ಲ ಗೊತ್ತಿರುವ ವಿದ್ಯೆಯೇ. ಆದರೆ ಇವು ಯೋಜನಾ ವರದಿಯಲ್ಲಿಯೇ ಇರಬೇಕು. ಕುಸಿದ ಮೇಲೆ ‘ಕಾಮಗಾರಿಯ ವ್ಯಾಪ್ತಿ ಬದಲಾವಣೆ’ ಎಂದು ಸೇರಿಸಹೊರಟರೆ ಅದರ ಮಂಜೂರಾತಿಗೆ ಮತ್ತೊಂದು ಮಳೆಗಾಲ ಕಳೆಯುತ್ತದೆ.

ಪ್ರಶ್ನೆ: ಅಂದಾಜಿಗಿಂತ ಬಹಳ ಕಡಿಮೆ ದರಕ್ಕೆ ಟೆಂಡರ್ ಹಿಡಿದವರು ಅರ್ಧಕ್ಕೆ ಬಿಟ್ಟುಹೋದರು. ಅಂಥವರಿಗೆ ಕೆಲಸ ಕೊಡುವುದೇಕೆ?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ಕಡಿಮೆ ದರದವನನ್ನು ಬಿಟ್ಟು ಹೆಚ್ಚು ದರದವನಿಗೆ ಕೊಟ್ಟ ಅಧಿಕಾರಿ ಲೆಕ್ಕಪರಿಶೋಧನೆಯ ಮುಂದೆ ಉತ್ತರ ಹೇಳಬೇಕು, ಕಡಿಮೆ ದರದವನಿಗೇ ಕೊಟ್ಟ ಅಧಿಕಾರಿ ಯಾರ ಮುಂದೆಯೂ ಹೇಳಬೇಕಾಗಿಲ್ಲ. ಆದ್ದರಿಂದ ಹೆಚ್ಚುವರಿ ಭದ್ರತಾ ಠೇವಣಿ ಪಡೆದು ಸಹಿ ಹಾಕುತ್ತಾರೆ. ಆದರೆ ಬಿಟ್ಟುಹೋದವರೆಲ್ಲ ದುರಾಸೆಯಿಂದ ಬಿಟ್ಟವರಲ್ಲ. ಕೆಲಸ ಮುಗಿಸಿದ ಬಿಲ್ಲು ಅನುದಾನವಿಲ್ಲದೆ ಜ್ಯೇಷ್ಠತಾ ಪಟ್ಟಿಯಲ್ಲಿ ಕಾಯುತ್ತಿರುವಾಗ, ಸಣ್ಣ ಗುತ್ತಿಗೆದಾರ ಆ ಹಣಕ್ಕೆ ಹೊರಗಡೆ ಬಡ್ಡಿ ಕಟ್ಟುತ್ತಿರುತ್ತಾನೆ. ಡಾಂಬರಿನ ಬೆಲೆ ಕಚ್ಚಾತೈಲದೊಂದಿಗೆ ಏರುತ್ತದೆ, ಅಲ್ಪಾವಧಿಯ ಸಣ್ಣ ಗುತ್ತಿಗೆಗಳಲ್ಲಿ ದರ ಹೊಂದಾಣಿಕೆ ಸಾಮಾನ್ಯವಾಗಿ ಇರುವುದಿಲ್ಲ. 2022ರ ಜುಲೈ 18ರಿಂದ ಸರ್ಕಾರಿ ರಸ್ತೆ ಗುತ್ತಿಗೆಗಳ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದಾಗ, ಹಳೆಯ ದರಕ್ಕೆ ಒಪ್ಪಿದ್ದವರು ವ್ಯತ್ಯಾಸದ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಇನ್ನೊಬ್ಬರು ಬಂದು ಮುಗಿಸುವಾಗ ಉಳಿದ ಕೆಲಸಕ್ಕೆ ಹೊಸ ಅಂದಾಜು, ಹೊಸ ಟೆಂಡರ್, ಹೊಸ ದರ. ಕಡಿಮೆ ದರದಿಂದ ಉಳಿಯಿತೆಂದು ತೋರಿಸಿದ ಹಣ ಅಲ್ಲಿಗೆ ಮಾಯವಾಗುತ್ತದೆ.

ಪ್ರಶ್ನೆ: ನಮ್ಮೂರ ಹೊರಗೆ ಹೆದ್ದಾರಿಯ ಬೈಪಾಸ್ ಬರುತ್ತದಂತೆ. ನಾವು ಏನನ್ನು, ಯಾವಾಗ ಕೇಳಬೇಕು?
— ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಎಲ್ಲಕ್ಕಿಂತ ಮುಂಚೆ ಪೌತಿ ಖಾತೆ ಮತ್ತು ಪೋಡಿ ಮಾಡಿಸಿಕೊಳ್ಳಿ, ಅದಕ್ಕೆ ಯಾವ ಅಧಿಸೂಚನೆಗೂ ಕಾಯಬೇಕಾಗಿಲ್ಲ. 3ಎ ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ, ಅವುಗಳಲ್ಲಿ ಒಂದು ಕನ್ನಡದ್ದಾಗಿರಬೇಕು. ಆ 21 ದಿನಗಳಲ್ಲಿ ಆಕ್ಷೇಪಣೆಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಣದ ಜೊತೆಗೆ ದಾರಿಯ ವಿಷಯವನ್ನೂ ಕೇಳಿ: ಹೊಲ ಎರಡು ಪಾಲಾದರೆ ಎತ್ತಿನಗಾಡಿ, ಟ್ರ್ಯಾಕ್ಟರ್ ದಾಟಲು ಕೆಳಸೇತುವೆ ಎಲ್ಲಿ, ಸರ್ವೀಸ್ ರಸ್ತೆ ಎಲ್ಲಿಯವರೆಗೆ, ನಾಲೆಯ ನೀರು ಯಾವ ಮೋರಿಯಿಂದ ಹಾಯುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ 2022ರ ಆಗಸ್ಟ್ ಮಳೆಯಲ್ಲಿ ರಾಮನಗರದ ಬಳಿ ಕೆರೆಯಂತಾದುದನ್ನು, 2023ರ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತುದನ್ನು ನಿಮ್ಮ ಜಿಲ್ಲೆಯವರು ಮರೆತಿರಲಾರರು. ಏರಿ ಎದ್ದು ನಿಂತ ಮೇಲೆ ಮೋರಿ ಕೇಳಿದರೆ ಅದು ಹೊಸ ಅಂದಾಜು, ಹೊಸ ಟೆಂಡರ್. ನಕ್ಷೆ ಪೆನ್ಸಿಲಿನಲ್ಲಿ ಇರುವಾಗಲೇ ಕೇಳಿದರೆ ಅದೊಂದು ಗೆರೆ. ಮಳೆಗಾಲದಲ್ಲಿ ನಿಮ್ಮ ಊರ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಲಹೆಗಾರ ಸಂಸ್ಥೆಯ ಹುಡುಗ ಸರ್ವೆಗೆ ಬಂದ ದಿನವೇ ಗದ್ದೆಗೆ ಕರೆದೊಯ್ದು ತೋರಿಸಿ. ಅವನು ಬರುವುದು ಬಹುತೇಕ ಬೇಸಿಗೆಯಲ್ಲಿ, ಆಗ ಹಳ್ಳ ಒಣಗಿರುತ್ತದೆ.